ಕುತ್ತಿಗೆಯ ಮೂಳೆಗೆ ಆಪರೇಷನ್ ಆದರೆ ಗಂಟಲಲ್ಲಿ ತುತ್ತು ಯಾಕೆ ಇಳಿಯುವುದಿಲ್ಲ?

ಕುತ್ತಿಗೆಯ ನೋವು ತೋಳಿಗೆ ಇಳಿದು, ಬೆರಳು ಜೋಮು ಹಿಡಿದು, ಎಂಆರ್‌ಐ ಆಗಿ, ಕೊನೆಗೆ ಆಪರೇಷನ್ ಎಂದು ತೀರ್ಮಾನವಾದಾಗ ಮನೆಯವರ ಚಿಂತೆಯೆಲ್ಲ ಕೈಕಾಲುಗಳ ಮೇಲಿರುತ್ತದೆ. ಮತ್ತೆ ನಡೆಯಬಹುದೇ, ಗುಂಡಿ ಹಾಕಿಕೊಳ್ಳಬಹುದೇ, ಜೋಮು ಹೋಗುತ್ತದೆಯೇ? ಆಪರೇಷನ್ ಚೆನ್ನಾಗಿಯೇ ಆಗುತ್ತದೆ, ತೋಳಿನ ನೋವೂ ಇಳಿಯುತ್ತದೆ. ಆದರೆ ಎರಡನೆಯ ದಿನ ತಟ್ಟೆಯ ಮುಂದೆ ಕೂತಾಗ ಯಾರೂ ಎಣಿಸದ ತೊಂದರೆ ಎದುರಾಗುತ್ತದೆ. ಇಡ್ಲಿಯ ತುಣುಕು ಗಂಟಲಲ್ಲೇ ನಿಲ್ಲುತ್ತದೆ, ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ, ಉಗುಳು ನುಂಗಲೂ ನೋವು. ಬೆನ್ನುಮೂಳೆಗೆ ಮಾಡಿದ ಆಪರೇಷನ್ ಗಂಟಲನ್ನು ಯಾಕೆ ಕಾಡಬೇಕು?

ಕುತ್ತಿಗೆಯ ಮುಂಭಾಗದಿಂದ ಮಾಡುವ ಆಪರೇಷನ್ನಿನ ನಂತರ ಇದು ತೀರ ಸಾಮಾನ್ಯ. ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ಮಾತ್ರ ಚಿಕಿತ್ಸೆ ಬೇಕಾಗುತ್ತದೆ, ಬಹಳ ಕಡಿಮೆ ಮಂದಿಗೆ ಅದು ಜೀವಕ್ಕೆ ಅಪಾಯದ ಸೂಚನೆ. ಈ ಮೂರನ್ನೂ ಮನೆಯವರು ಬೇರೆಬೇರೆಯಾಗಿ ಗುರುತಿಸಬಲ್ಲರು. ಅದಕ್ಕೆ ಮೊದಲು ಗಂಟಲೊಳಗೆ ಏನೆಲ್ಲ ಇದೆ ಎಂಬುದು ಗೊತ್ತಿರಬೇಕು.

## ಹಿಂದಿರುವ ಮೂಳೆಗೆ ಮುಂದಿನಿಂದ ದಾರಿ

ಕುತ್ತಿಗೆಯಲ್ಲಿ ಏಳು ಕಶೇರುಮಣಿಗಳಿವೆ. ವೈದ್ಯರು ಅವನ್ನು ಸಿ1ರಿಂದ ಸಿ7ರವರೆಗೆ ಎಣಿಸುತ್ತಾರೆ. ಸಿ2ರಿಂದ ಕೆಳಕ್ಕೆ ಎರಡೆರಡು ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇರುತ್ತದೆ. ಅದು ಸವೆದು ಹಿಂದಕ್ಕೆ ಉಬ್ಬಿದರೆ, ಅಥವಾ ಅದರ ಅಂಚಿನಲ್ಲಿ ಮೂಳೆಯ ಮುಳ್ಳು ಬೆಳೆದರೆ, ನರವೋ ಬೆನ್ನುಹುರಿಯೋ ಒತ್ತಿಹೋಗುತ್ತದೆ. ಡಿಸ್ಕ್ ಇರುವುದು ಬೆನ್ನುಹುರಿಯ ಮುಂದೆ. ಹಿಂದಿನಿಂದ ಹೋದರೆ ಬೆನ್ನುಹುರಿಯೇ ಅಡ್ಡ ಬರುತ್ತದೆ, ಅದನ್ನು ಸರಿಸುವಂತಿಲ್ಲ. ಹಾಗಾಗಿ 1950ರ ದಶಕದಲ್ಲಿ ಅಮೆರಿಕದ ರಾಬರ್ಟ್ ರಾಬಿನ್ಸನ್ ಮತ್ತು ಜಾರ್ಜ್ ಸ್ಮಿತ್, ಅವರಿಂದ ಪ್ರತ್ಯೇಕವಾಗಿ ರಾಲ್ಫ್ ಕ್ಲೋವರ್ಡ್, ಮುಂದಿನಿಂದ ಹೋಗುವ ವಿಧಾನವನ್ನು ರೂಪಿಸಿದರು. ಇಂದು ಎಸಿಡಿಎಫ್ ಎಂದು ಕರೆಯುವುದು ಇದರ ಮುಂದುವರಿದ ರೂಪ. ಕೆಟ್ಟ ಡಿಸ್ಕ್ ತೆಗೆದು, ಆ ಜಾಗದಲ್ಲಿ ಮೂಳೆಯ ತುಂಡನ್ನೋ ಕೇಜ್ ಎಂಬ ಪುಟ್ಟ ಪೆಟ್ಟಿಗೆಯನ್ನೋ ಕೂರಿಸಿ, ಹಲವು ಬಾರಿ ಮುಂದಿನಿಂದ ಲೋಹದ ಪ್ಲೇಟ್ ಮತ್ತು ಸ್ಕ್ರೂ ಹಾಕಿ ಎರಡು ಮಣಿಗಳು ಒಂದಾಗಿ ಬೆಸೆಯುವಂತೆ ಮಾಡುತ್ತಾರೆ.

ಕುತ್ತಿಗೆಯ ಒಂದು ಪಕ್ಕದಲ್ಲಿ, ಚರ್ಮದ ಮಡಿಕೆಯ ಉದ್ದಕ್ಕೆ ಸಣ್ಣ ಗಾಯ ಮಾಡುತ್ತಾರೆ. ದೊಡ್ಡ ರಕ್ತನಾಳಗಳನ್ನು ಹೊರಪಕ್ಕಕ್ಕೆ, ಶ್ವಾಸನಾಳ ಮತ್ತು ಅನ್ನನಾಳವನ್ನು ಒಳಪಕ್ಕಕ್ಕೆ ಸರಿಸಿದರೆ ನಡುವೆ ಸಹಜವಾದ ಸಂದು ಸಿಗುತ್ತದೆ. ಸ್ನಾಯುಗಳನ್ನು ಹೆಚ್ಚಾಗಿ ಕತ್ತರಿಸಬೇಕಾಗಿಲ್ಲ. ಈ ವಿಧಾನದ ದೊಡ್ಡ ಲಾಭ ಇದು. ಆದರೆ ಸರಿಸಿದ ಅನ್ನನಾಳವನ್ನು ರಿಟ್ರ್ಯಾಕ್ಟರ್ ಎಂಬ ಲೋಹದ ಹಿಡಿಕೆ ಕೆಲಸ ಮುಗಿಯುವವರೆಗೂ ಪಕ್ಕಕ್ಕೆ ಒತ್ತಿ ಹಿಡಿದಿರುತ್ತದೆ. ಒಂದು ಡಿಸ್ಕ್ ಆದರೆ ಬೇಗ ಮುಗಿಯುತ್ತದೆ, ಮೂರ್ನಾಲ್ಕಾದರೆ ಗಂಟೆಗಟ್ಟಲೆ. ಅರಿವಳಿಕೆಗಾಗಿ ಶ್ವಾಸನಾಳದಲ್ಲಿ ಇಟ್ಟ ಕೊಳವೆಯ ತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಮೆತ್ತಗಿನ ಅನ್ನನಾಳ ಒಂದು ಕಡೆ ಲೋಹ, ಇನ್ನೊಂದು ಕಡೆ ಆ ಬಲೂನಿನಿಂದ ಬಿಗಿಯಾದ ಶ್ವಾಸನಾಳದ ನಡುವೆ ಸಿಕ್ಕಿಕೊಳ್ಳುತ್ತದೆ.

## ಒಂದು ಗುಟುಕಿನ ಪಯಣ

ಗಂಟಲಮಣಿಯ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ. ಮಣಿ ಮೇಲಕ್ಕೆ ಜಿಗಿದು ಮತ್ತೆ ಕೆಳಗಿಳಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ ಒಳಗೆ ಹಲವು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ, ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ, ಉಸಿರು ನಿಲ್ಲುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಸೇರಿ ಶ್ವಾಸನಾಳವನ್ನು ಮುಚ್ಚುತ್ತವೆ. ಧ್ವನಿಪೆಟ್ಟಿಗೆ ಮೇಲೆ ಮತ್ತು ಮುಂದಕ್ಕೆ ಸರಿಯುತ್ತದೆ, ಅದರ ಮೇಲಿನ ಎಪಿಗ್ಲಾಟಿಸ್ ಎಂಬ ಮೃದ್ವಸ್ಥಿಯ ಮುಚ್ಚಳ ಹಿಂದಕ್ಕೆ ಬಾಗುತ್ತದೆ. ಅದೇ ಹೊತ್ತಿಗೆ ಅನ್ನನಾಳದ ಬಾಯಲ್ಲಿ ಸದಾ ಬಿಗಿದುಕೊಂಡಿರುವ ಸ್ನಾಯುವಿನ ಉಂಗುರ ಸಡಿಲವಾಗುತ್ತದೆ. ತುತ್ತು ಒಳಗಿಳಿದು, ಮುಂದಿನ ಎಂಟು-ಹತ್ತು ಸೆಕೆಂಡಿನಲ್ಲಿ ಹೊಟ್ಟೆ ಸೇರುತ್ತದೆ.

ಆ ಉಂಗುರ ಇರುವುದು ಸುಮಾರು ಸಿ6 ಮಣಿಯ ಎದುರು. ಅತಿ ಹೆಚ್ಚು ಆಪರೇಷನ್ ಆಗುವ ಜಾಗಗಳು ಸಿ5-ಸಿ6 ಮತ್ತು ಸಿ6-ಸಿ7. ಗಂಟಲಿನ ಅತ್ಯಂತ ಇಕ್ಕಟ್ಟಿನ ಬಾಗಿಲೂ ವೈದ್ಯರು ಕೆಲಸ ಮಾಡುವ ಮೂಳೆಯೂ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ.

ಅನ್ನನಾಳ ಸದಾ ತೆರೆದಿರುವ ಗಟ್ಟಿ ಪೈಪ್ ಅಲ್ಲ. ಹೊಲಕ್ಕೆ ನೀರು ಹಾಯಿಸಲು ಸುರುಳಿ ಸುತ್ತಿಡುವ ಬಟ್ಟೆಯಂಥ ಪೈಪಿನ ಹಾಗೆ ಖಾಲಿ ಇದ್ದಾಗ ಚಪ್ಪಟೆಯಾಗಿ ಬಿದ್ದಿರುತ್ತದೆ, ಏನಾದರೂ ಇಳಿಯುವಾಗಷ್ಟೇ ಅರಳುತ್ತದೆ. ಹಿಂದಿನಿಂದ ಊತವೋ ಪ್ಲೇಟೋ ಒತ್ತಿದರೆ ಅರಳಲು ಜಾಗ ಸಾಲದು. ನೀರು ಹೇಗೋ ನುಸುಳುತ್ತದೆ, ಚಪಾತಿ ನಿಲ್ಲುತ್ತದೆ.

## ಸಿಕ್ಕಿಕೊಳ್ಳುವುದು ಬೇರೆ, ದಾರಿ ತಪ್ಪುವುದು ಬೇರೆ

ನುಂಗುವ ತೊಂದರೆಗೆಲ್ಲ ವೈದ್ಯರು ಡಿಸ್ಫೇಜಿಯಾ ಎಂಬ ಒಂದೇ ಹೆಸರು ಬಳಸುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು ಅದನ್ನು ಎರಡಾಗಿ ಒಡೆದು ನೋಡುವುದು ಒಳ್ಳೆಯದು. ಏನು ತಿನ್ನಿಸಬೇಕು, ಯಾರನ್ನು ಕಾಣಬೇಕು ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ.

ಆಹಾರ ಸಿಕ್ಕಿಕೊಳ್ಳುವ ತೊಂದರೆಯಲ್ಲಿ ಗಟ್ಟಿ ಪದಾರ್ಥಗಳೇ ಕಷ್ಟ. ತುತ್ತು ಅರ್ಧಕ್ಕೆ ನಿಂತಂತಾಗುತ್ತದೆ, ಎರಡು ಮೂರು ಬಾರಿ ನುಂಗಬೇಕಾಗುತ್ತದೆ, ನೀರು ಸಲೀಸಾಗಿ ಇಳಿಯುತ್ತದೆ. ಕಾರಣ ಸಾಮಾನ್ಯವಾಗಿ ಜಾಗದ ಕೊರತೆ.

ದಾರಿ ತಪ್ಪುವ ತೊಂದರೆಯಲ್ಲಿ ನೀರು, ಕಾಫಿ, ತಿಳಿಸಾರಿನಂಥ ತೆಳುವಾದವುಗಳೇ ಹೆಚ್ಚು ಕಷ್ಟ. ತೆಳು ದ್ರವ ವೇಗವಾಗಿ ಹರಿದು, ಧ್ವನಿತಂತುಗಳು ಮುಚ್ಚುವ ಮೊದಲೇ ಶ್ವಾಸನಾಳದ ಬಾಯಿಗೆ ಬಂದುಬಿಡುತ್ತದೆ. ಕೆಮ್ಮು ಬರುತ್ತದೆ, ಕುಡಿದ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಎನ್ನುತ್ತದೆ. ಕಾರಣ ಹೆಚ್ಚಾಗಿ ನರದ ದುರ್ಬಲತೆ. ಕೆಲವರಿಗೆ ಕೆಮ್ಮೇ ಬರುವುದಿಲ್ಲ, ಏಕೆಂದರೆ ಅಲ್ಲಿನ ಸ್ಪರ್ಶಜ್ಞಾನವೇ ಮಂಕಾಗಿರುತ್ತದೆ. ಮನೆಯವರು ‘ಈಗ ಕೆಮ್ಮುತ್ತಿಲ್ಲ, ಸರಿಹೋಯಿತು’ ಎಂದುಕೊಂಡಿರುತ್ತಾರೆ. ಒಳಗೆ ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತಿರುತ್ತದೆ. ಪದೇಪದೇ ಜ್ವರ, ಊಟದ ನಂತರ ಏದುಸಿರು, ಹೆಚ್ಚಿದ ಕಫ ಅದರ ಸುಳಿವುಗಳು. ಇದರಿಂದ ಬರುವ ನ್ಯುಮೋನಿಯಾ ವಯಸ್ಸಾದವರಿಗೆ ಪ್ರಾಣಾಂತಕವಾಗಬಲ್ಲದು.

ಎರಡೂ ಒಟ್ಟಿಗೆ ಬರಬಹುದು. ಗಂಟಲಿನ ಹಿಂಗೋಡೆ ಊದಿಕೊಂಡಾಗ ಎಪಿಗ್ಲಾಟಿಸ್ ಹಿಂದಕ್ಕೆ ಪೂರ್ತಿ ಬಾಗಲು ಜಾಗ ಸಿಗುವುದಿಲ್ಲ. ಆಗ ಆಹಾರ ನಿಲ್ಲುವುದೂ ಉಂಟು, ನಿಂತದ್ದು ಆಮೇಲೆ ಜಾರಿ ನೆತ್ತಿಗೆ ಹತ್ತುವುದೂ ಉಂಟು.

## ಊತ, ನರ, ಲೋಹ

ಮೊದಲ ದಿನಗಳ ತೊಂದರೆಗೆ ಬಹುಪಾಲು ಕಾರಣ ಊತ. ಕುತ್ತಿಗೆಯ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಮತ್ತು ಗಂಟಲಿನ ನಡುವಿನ ಮೃದು ಪದರ ಕಾಣುತ್ತದೆ. ಮೇಲಿನ ಮಣಿಗಳ ಎದುರು ಅದು ಸಾಮಾನ್ಯವಾಗಿ 6-7 ಮಿ.ಮೀ. ಮೀರುವುದಿಲ್ಲ. ಆಪರೇಷನ್ ಆದ ಎರಡು ಮೂರನೆಯ ದಿನ ಅದು ಎರಡು ಪಟ್ಟಿಗೂ ಹೆಚ್ಚಾಗಬಹುದು, ನಂತರ ವಾರಗಳಲ್ಲಿ ಇಳಿಯುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಗಂಟಲು ಹೆಚ್ಚು ಕಾಡುವುದು ಇದಕ್ಕಾಗಿ. ಉಸಿರಿಗೆ ತೊಂದರೆ ಇಲ್ಲದಿದ್ದರೆ ಇದು ನಿರೀಕ್ಷಿತವೇ.

ನರಗಳ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಧ್ವನಿತಂತುಗಳನ್ನು ಆಡಿಸುವ ರಿಕರೆಂಟ್ ಲ್ಯಾರಿಂಜಿಯಲ್ ನರ ಎದೆಯೊಳಗೆ ಇಳಿದು, ಎಡಗಡೆಯದು ಮಹಾಧಮನಿಯ ಕಮಾನನ್ನೂ ಬಲಗಡೆಯದು ತೋಳಿಗೆ ಹೋಗುವ ಧಮನಿಯನ್ನೂ ಸುತ್ತಿಕೊಂಡು, ಶ್ವಾಸನಾಳ-ಅನ್ನನಾಳಗಳ ನಡುವಿನ ಸಂದಿನಲ್ಲಿ ಮೇಲೇರುತ್ತದೆ. ರಿಟ್ರ್ಯಾಕ್ಟರಿನ ಎಳೆತಕ್ಕೆ ಸಿಕ್ಕರೆ ಆ ಪಕ್ಕದ ಧ್ವನಿತಂತು ಅಲುಗಾಡದೆ ನಿಲ್ಲುತ್ತದೆ. ದನಿ ಒಡೆಯುತ್ತದೆ, ಪಿಸುಮಾತಾಗುತ್ತದೆ, ನೀರು ನೆತ್ತಿಗೆ ಹತ್ತುತ್ತದೆ. ಇದಕ್ಕಿಂತ ಮೇಲೆ, ಸಿ3-ಸಿ4ರ ಆಸುಪಾಸಿನಲ್ಲಿ ಸುಪೀರಿಯರ್ ಲ್ಯಾರಿಂಜಿಯಲ್ ನರ ಇದೆ. ಧ್ವನಿಪೆಟ್ಟಿಗೆಯ ಬಾಯಿಗೆ ಸ್ಪರ್ಶಜ್ಞಾನ ಕೊಡುವುದು ಇದೇ. ಇದಕ್ಕೆ ಪೆಟ್ಟಾದರೆ ಮೇಲೆ ಹೇಳಿದ ಕೆಮ್ಮಿಲ್ಲದ ಅಪಾಯ. ಏರುದನಿಯಲ್ಲಿ ಹಾಡುವವರಿಗೆ ಮೇಲಿನ ಸ್ವರ ಮುಟ್ಟಲಾಗದಿರುವುದೂ ಇದರಿಂದಲೇ. ನರ ತುಂಡಾಗದೆ ಬರೀ ಎಳೆದುಹೋಗಿದ್ದರೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ, ಹೆಚ್ಚಿನ ಪ್ರಸಂಗಗಳು ಅಂಥವೇ.

ಇನ್ನು ಲೋಹ. ಪ್ಲೇಟ್ ಎರಡು ಮೂರು ಮಿಲಿಮೀಟರ್ ದಪ್ಪ ಇದ್ದರೂ ಅದು ಕೂತಿರುವುದು ಅನ್ನನಾಳದ ಬೆನ್ನಿಗೆ ತಾಗಿ. ಊತ ಇಳಿದ ಮೇಲೂ ತಿಂಗಳುಗಟ್ಟಲೆ ಗಟ್ಟಿ ಆಹಾರ ಸಿಕ್ಕುತ್ತಿದ್ದರೆ ಪ್ಲೇಟ್, ಅದರ ಸುತ್ತ ಬೆಳೆದ ಗಾಯದ ನಾರು, ಇಲ್ಲವೇ ಸಡಿಲವಾಗಿ ಮುಂದಕ್ಕೆ ಬಂದ ಸ್ಕ್ರೂ ಕಾರಣವಾಗಿರಬಹುದು. ಈಗ ಡಿಸ್ಕಿನ ಜಾಗದೊಳಗೇ ಪೂರ್ತಿ ಅಡಗುವ ಕೇಜ್‌ಗಳೂ ಇವೆ. ಅವುಗಳಲ್ಲಿ ಮುಂದಕ್ಕೆ ಚಾಚಿದ ಲೋಹ ಇರುವುದಿಲ್ಲ.

ಮೂಳೆ ಬೇಗ ಬೆಸೆಯಲೆಂದು ಬಳಸುವ ಬಿಎಂಪಿ ಎಂಬ ಪ್ರೋಟೀನು ಕುತ್ತಿಗೆಯ ಮುಂಭಾಗದಲ್ಲಿ ವಿಪರೀತ ಊತ ತರಬಲ್ಲದು. ಉಸಿರಾಟಕ್ಕೂ ನುಂಗುವುದಕ್ಕೂ ಜೀವಾಪಾಯದ ಮಟ್ಟದ ತೊಂದರೆಗಳು ವರದಿಯಾದ ಕಾರಣ ಅಮೆರಿಕದ ಎಫ್‌ಡಿಎ 2008ರ ಜುಲೈನಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಕುತ್ತಿಗೆಯ ಹಿಂಭಾಗದಿಂದ ಮಾಡುವ ಆಪರೇಷನ್ನಿನಲ್ಲಿ ಈ ತೊಂದರೆ ಕಡಿಮೆ. ಆದರೆ ತಲೆಬುರುಡೆಯನ್ನೂ ಮೇಲಿನ ಮಣಿಗಳನ್ನೂ ಸೇರಿಸಿ ಬೆಸೆದಾಗ ತಲೆ ಸ್ವಲ್ಪ ಮುಂದಕ್ಕೆ ಬಾಗಿದ ಸ್ಥಿತಿಯಲ್ಲೇ ನಿಂತುಬಿಟ್ಟರೆ ಬಾಯಿಯ ಹಿಂದಿನ ದಾರಿ ಕಿರಿದಾಗಿ ನುಂಗುವುದು ಕಷ್ಟವಾಗುತ್ತದೆ.

## ಎಷ್ಟು ಜನರಿಗೆ, ಎಷ್ಟು ದಿನ?

‘ನುಂಗಲು ತೊಂದರೆ’ ಎಂದರೆ ಏನು ಎಂಬುದನ್ನು ಒಬ್ಬೊಬ್ಬ ಸಂಶೋಧಕರು ಒಂದೊಂದು ರೀತಿ ಅಳೆಯುವುದರಿಂದ ಅಂಕಿಗಳು ತುಂಬ ಏರುಪೇರು. 2002ರಲ್ಲಿ ಪ್ರಕಟವಾದ, ಇಂದಿಗೂ ಹೆಚ್ಚು ಉಲ್ಲೇಖವಾಗುವ ಒಂದು ಅಧ್ಯಯನ 249 ರೋಗಿಗಳನ್ನು ವಿಚಾರಿಸಿತು. ಒಂದು ತಿಂಗಳಲ್ಲಿ ನೂರಕ್ಕೆ ಸುಮಾರು 50 ಮಂದಿಗೆ ಏನಾದರೊಂದು ತೊಂದರೆ ಇತ್ತು. ಎರಡು ತಿಂಗಳಿಗೆ ಅದು 32ಕ್ಕೆ, ಆರು ತಿಂಗಳಿಗೆ 18ಕ್ಕೆ, ವರ್ಷಕ್ಕೆ 12-13ಕ್ಕೆ ಇಳಿಯಿತು. ಆರು ತಿಂಗಳಲ್ಲಿ ಮಧ್ಯಮ ಅಥವಾ ತೀವ್ರ ತೊಂದರೆ ಉಳಿದಿದ್ದದ್ದು ನೂರಕ್ಕೆ 5ಕ್ಕಿಂತ ಕಡಿಮೆ ಮಂದಿಗೆ. ಉಳಿದವರದು ಅಪರೂಪಕ್ಕೊಮ್ಮೆ ತುತ್ತು ನಿಂತಂತಾಗುವ ಸೌಮ್ಯ ರೂಪ.

ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳ ಆಪರೇಷನ್, ಅದೇ ಜಾಗಕ್ಕೆ ಎರಡನೆಯ ಆಪರೇಷನ್, ಹೆಚ್ಚು ಹೊತ್ತು ಹಿಡಿದ ಆಪರೇಷನ್, 60 ದಾಟಿದ ವಯಸ್ಸು, ಧೂಮಪಾನ, ಮೊದಲೇ ಇದ್ದ ನುಂಗುವ ತೊಂದರೆ ಇವೆಲ್ಲ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಮಹಿಳೆಯರಲ್ಲಿ ಸ್ವಲ್ಪ ಹೆಚ್ಚು ಕಂಡುಬಂದಿದೆ.

ಅಂಕಿಗಿಂತ ಮುಖ್ಯವಾದದ್ದು ದಿಕ್ಕು. ಮೂರನೆಯ ದಿನದಿಂದ ಈಚೆಗೆ ನಿಧಾನವಾಗಿಯಾದರೂ ಇಳಿಮುಖವಾಗಿರಬೇಕು. ಸುಧಾರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಟ್ಟರೆ, ಎಷ್ಟೇ ಸೌಮ್ಯವಾಗಿ ಕಂಡರೂ, ಅದನ್ನು ಊತದ ಲೆಕ್ಕಕ್ಕೆ ಹಾಕಬಾರದು.

## ಕಾಯಬಾರದ ಲಕ್ಷಣಗಳು

ಆಪರೇಷನ್ ಆದ ಮೊದಲ ಒಂದೆರಡು ದಿನಗಳಲ್ಲಿ ಗಾಯದೊಳಗೆ ರಕ್ತ ಸೋರಿ ಹೆಪ್ಪುಗಟ್ಟಿದರೆ ಅದು ಶ್ವಾಸನಾಳವನ್ನು ಒತ್ತುತ್ತದೆ. ಕುತ್ತಿಗೆ ಬಿಗಿದು ಉಬ್ಬುವುದು, ದನಿ ಗಂಟೆಗಂಟೆಗೆ ಬದಲಾಗುವುದು, ಉಗುಳನ್ನೂ ನುಂಗಲಾಗದೆ ಬಾಯಿಂದ ಸೋರುವುದು, ಮಲಗಲಾಗದೆ ಎದ್ದು ಕೂರುವುದು, ಉಸಿರೆಳೆದಾಗ ಸೀಟಿಯಂಥ ಸದ್ದು, ಕಾರಣವಿಲ್ಲದ ಚಡಪಡಿಕೆ ಇದರ ಲಕ್ಷಣಗಳು. ಆಸ್ಪತ್ರೆಯಲ್ಲಿದ್ದರೆ ಆ ಕ್ಷಣವೇ ನರ್ಸ್‌ಗೆ ಹೇಳಬೇಕು, ಮನೆಯಲ್ಲಿದ್ದರೆ 108ಕ್ಕೆ ಕರೆ ಮಾಡಬೇಕು. ಬೆಳಗಾಗಲಿ ಎಂದು ಕಾಯುವಷ್ಟು ಸಮಯ ಇರುವುದಿಲ್ಲ.

ಅನ್ನನಾಳ ತೂತಾಗುವುದು ಅಪರೂಪ, ಆದರೆ ಬಹಳ ಗಂಭೀರ. ಆಪರೇಷನ್ ಸಮಯದಲ್ಲೇ ಆಗಬಹುದು, ಸಡಿಲವಾದ ಸ್ಕ್ರೂ ವರ್ಷಗಳ ನಂತರ ಉಜ್ಜಿ ಉಜ್ಜಿಯೂ ಆಗಬಹುದು. ನುಂಗುವಾಗ ಹೆಚ್ಚುತ್ತಿರುವ ನೋವು, ಜ್ವರ, ಕುತ್ತಿಗೆ ಕೆಂಪಾಗಿ ಊದುವುದು, ಗಾಯದಿಂದ ಉಗುಳು ಅಥವಾ ಆಹಾರದಂಥದ್ದು ಸೋರುವುದು, ಚರ್ಮ ಒತ್ತಿದರೆ ಒಳಗೆ ಗಾಳಿಗುಳ್ಳೆ ಚರಚರ ಎನ್ನುವುದು ಕಂಡರೆ ಬಾಯಿಗೆ ನೀರನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೈಕಾಲಿನಲ್ಲಿ ಹೊಸ ಬಲಹೀನತೆ ಬಂದರೂ ಅಷ್ಟೇ ತುರ್ತು.

## ಒಳಗೆ ಏನಾಗುತ್ತಿದೆ ಎಂದು ನೋಡುವ ಬಗೆ

ನುಂಗುವಿಕೆಯನ್ನು ಪರೀಕ್ಷಿಸಿ ತರಬೇತಿ ಕೊಡುವವರು ವಾಕ್-ಭಾಷಾ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟ್‌ಗಳು. ಮಾತಿನ ತೊಂದರೆಗಷ್ಟೇ ಇವರು ಎಂಬ ಅನಿಸಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ ಎಷ್ಟೋ ಕುಟುಂಬಗಳು ಇವರ ಬಳಿ ಹೋಗುವುದೇ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತರಬೇತಿ ಪಡೆದವರು ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಾರೆ. ಇವರ ಬಳಿ ಕಳಿಸಿಕೊಡಿ ಎಂದು ಶಸ್ತ್ರಚಿಕಿತ್ಸಕರನ್ನು ನೇರವಾಗಿ ಕೇಳಬಹುದು.

ಮೊದಲು ಹಾಸಿಗೆಯ ಬಳಿಯೇ ಚಮಚದಷ್ಟು ನೀರು, ಗಂಜಿ ಕೊಟ್ಟು ನೋಡುತ್ತಾರೆ. ಅನುಮಾನ ಉಳಿದರೆ ಎರಡು ಪರೀಕ್ಷೆಗಳಿವೆ. ಒಂದರಲ್ಲಿ ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಅದರ ದಾರಿಯನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುತ್ತಾರೆ. ಎಲ್ಲಿ ನಿಂತಿತು, ಎಲ್ಲಿ ದಾರಿ ತಪ್ಪಿತು, ಪ್ಲೇಟ್ ಒತ್ತುತ್ತಿದೆಯೇ ಎಂಬುದು ಒಟ್ಟಿಗೇ ಕಾಣುತ್ತದೆ. ಅನ್ನನಾಳ ತೂತಾಗಿರುವ ಶಂಕೆ ಇದ್ದರೆ ಮೊದಲು ಬೇರಿಯಂ ಬದಲು ನೀರಿನಲ್ಲಿ ಕರಗುವ ಬೇರೆ ದ್ರವ ಬಳಸುತ್ತಾರೆ. ಇನ್ನೊಂದರಲ್ಲಿ ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ ಧ್ವನಿತಂತು ಅಲುಗಾಡುತ್ತಿದೆಯೇ, ನುಂಗಿದ ಮೇಲೆ ಆಹಾರ ಉಳಿದಿದೆಯೇ ಎಂದು ನೇರವಾಗಿ ನೋಡುತ್ತಾರೆ.

## ತಟ್ಟೆಯಲ್ಲಿ ಏನಿರಬೇಕು

ಆಹಾರದ ಗಟ್ಟಿತನಕ್ಕೆ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆ ಇದೆ. ನೀರು 0, ಸಾಮಾನ್ಯ ಊಟ 7. ನಡುವೆ ನುಣ್ಣಗೆ ರುಬ್ಬಿದ್ದು 4, ತೇವವಾಗಿ ಕಿವುಚಿದ್ದು 5, ಮೆತ್ತಗಿನ ಸಣ್ಣ ತುಂಡುಗಳು 6. ದೊಡ್ಡವರಿಗೆ 5ನೆಯ ಹಂತದಲ್ಲಿ ತುಣುಕು 4 ಮಿ.ಮೀ. ಮೀರಬಾರದು, ಅದು ಹೆಚ್ಚುಕಡಿಮೆ ಫೋರ್ಕಿನ ಎರಡು ಹಲ್ಲುಗಳ ನಡುವಿನ ಅಂತರ. 6ನೆಯ ಹಂತದಲ್ಲಿ 1.5 ಸೆಂ.ಮೀ.

ಪಾನೀಯಗಳಿಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. 10 ಮಿ.ಲೀ. ಸಿರಿಂಜಿನ ಸೂಜಿ ಮತ್ತು ದಂಡ ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, 10 ಮಿ.ಲೀ. ಗುರುತಿನವರೆಗೆ ಪಾನೀಯ ತುಂಬಿ. ಬೆರಳು ತೆಗೆದು ಸರಿಯಾಗಿ 10 ಸೆಕೆಂಡ್ ಹರಿಯಬಿಟ್ಟು ಮತ್ತೆ ಮುಚ್ಚಿ. ಒಳಗೆ 1 ಮಿ.ಲೀ.ಗಿಂತ ಕಡಿಮೆ ಉಳಿದರೆ ಅದು 0ನೆಯ ಹಂತ, 1ರಿಂದ 4 ಉಳಿದರೆ 1ನೆಯದು, 4ರಿಂದ 8 ಉಳಿದರೆ 2ನೆಯದು, ಅದಕ್ಕಿಂತ ಹೆಚ್ಚು ಉಳಿದು ನಿಧಾನವಾಗಿ ಸೋರುತ್ತಿದ್ದರೆ 3ನೆಯದು. ಈ ಅಳತೆಗೆ 0 ಗುರುತಿನಿಂದ 10 ಮಿ.ಲೀ. ಗುರುತಿನವರೆಗಿನ ಉದ್ದ 61.5 ಮಿ.ಮೀ. ಇರುವ ಸಿರಿಂಜನ್ನೇ ಬಳಸಬೇಕು. ರಾಗಿ ಅಂಬಲಿಯನ್ನು ಬಿಸಿಯಲ್ಲೊಮ್ಮೆ, ಆರಿದ ಮೇಲೊಮ್ಮೆ ಅಳೆದರೆ ಎರಡು ಬೇರೆ ಹಂತ ಬರಬಹುದು, ಏಕೆಂದರೆ ಆರುತ್ತ ಅದು ಗಟ್ಟಿಯಾಗುತ್ತದೆ. ಕುಡಿಯುವ ಬಿಸಿಯಲ್ಲೇ ಅಳೆಯಿರಿ.

ಗಟ್ಟಿ ಆಹಾರ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುವವರಿಗೆ ಮೊದಲ ವಾರ ರಾಗಿ ಗಂಜಿ, ನುಣ್ಣಗೆ ಬೇಯಿಸಿದ ಹೆಸರುಬೇಳೆ ಪೊಂಗಲ್, ಮಿಕ್ಸಿಯಲ್ಲಿ ತಿರುವಿದ ತರಕಾರಿ ತೊವ್ವೆ, ಕಿವುಚಿದ ಮೊಸರನ್ನ, ಪಪ್ಪಾಯಿ ಇಂಥವು ಒಗ್ಗುತ್ತವೆ. ಇಡ್ಲಿಯನ್ನು ಸಾಂಬಾರಿನಲ್ಲಿ ಪೂರ್ತಿ ನೆನೆಸಿ, ಹಿಸುಕಿ ಕೊಡಬೇಕು. ಒಣ ಇಡ್ಲಿ ಬಾಯಲ್ಲಿ ಅಂಟಾಗಿ ಉಂಡೆಯಾಗುತ್ತದೆ. ಗಾಯ ಮಾಯಲು ಪ್ರೋಟೀನು ಬೇಕಾದ್ದರಿಂದ ಗಂಜಿಗೆ ಬೇಳೆಯ ಪುಡಿ, ಹಾಲು, ಮೊಸರು, ಮೆತ್ತಗೆ ಬೇಯಿಸಿದ ಮೊಟ್ಟೆ ಸೇರಬೇಕು. ಬರೀ ತಿಳಿಗಂಜಿಯಲ್ಲೇ ಎರಡು ವಾರ ಕಳೆದರೆ ತೂಕ ಇಳಿಯುತ್ತದೆ. ತಿಂಗಳಲ್ಲಿ ತೂಕದ ನೂರಕ್ಕೆ 5 ಭಾಗ, ಅಂದರೆ 60 ಕೆ.ಜಿ. ಇರುವವರು 3 ಕೆ.ಜಿ. ಇಳಿದರೆ ವೈದ್ಯರಿಗೆ ತಿಳಿಸಬೇಕು.

ಮುದ್ದೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಹಳೆ ಮೈಸೂರಿನ ಕಡೆ ಮುದ್ದೆಯನ್ನು ಅಗಿಯದೆ, ಸಾರಿನಲ್ಲಿ ಅದ್ದಿ ಹಾಗೆಯೇ ನುಂಗುತ್ತಾರೆ. ಮೆತ್ತಗಿದೆ, ಜಾರುತ್ತದೆ, ಆಗಬಹುದು ಎಂದು ಅನಿಸುತ್ತದೆ. ಆದರೆ ಅಗಿಯದ, ಅಂಟಿನ ದೊಡ್ಡ ತುತ್ತು ಊದಿದ ಗಂಟಲಿನಲ್ಲಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಲ್ಲುತ್ತದೆ. ಮೆತ್ತಗಿನ ಅನ್ನ, ನೆನೆಸಿದ ಚಪಾತಿ ಸಲೀಸಾಗಿ ಇಳಿಯುವವರೆಗೆ ರಾಗಿಯನ್ನು ಗಂಜಿಯ ರೂಪದಲ್ಲಿಯೇ ಕೊಡಿ. ಉತ್ತರ ಕರ್ನಾಟಕದ ಕಡಕ್ ರೊಟ್ಟಿ, ಚುರುಮುರಿ, ಒಣ ಅವಲಕ್ಕಿ, ಚಕ್ಕುಲಿಯಂಥ ಚೂಪು ಅಂಚಿನವು ಮತ್ತು ಕರಾವಳಿಯವರ ಮುಳ್ಳಿನ ಮೀನು ಇನ್ನೂ ತಡವಾಗಿ ಮರಳಲಿ.

ದಾರಿ ತಪ್ಪುವ ತೊಂದರೆ ಇರುವವರಿಗೆ ಎರಡು ಹದ ಬೆರೆತ ಆಹಾರವೇ ಹೆಚ್ಚು ತೊಡಕು. ತಿಳಿಸಾರು-ಅನ್ನ, ಅಗುಳು ತೇಲುವ ಕುಚ್ಚಲಕ್ಕಿ ಗಂಜಿ, ಮಜ್ಜಿಗೆಯಲ್ಲಿ ಕಲಸಿದ ನುಚ್ಚು ಇಂಥವುಗಳಲ್ಲಿ ಅಗುಳನ್ನು ಅಗಿಯುತ್ತಿರುವಾಗಲೇ ತಿಳಿನೀರು ಮುಂದೆ ಹರಿದು ಶ್ವಾಸನಾಳದ ಬಾಯಿ ಸೇರುತ್ತದೆ. ರುಬ್ಬಿ ಒಂದೇ ಹದಕ್ಕೆ ತಂದರೆ ಅಪಾಯ ಇಳಿಯುತ್ತದೆ. ನೀರನ್ನು ಗಟ್ಟಿ ಮಾಡುವ ಪುಡಿಗಳೂ ಇವೆ. ಮೆಕ್ಕೆಜೋಳದ ಪಿಷ್ಟದಿಂದ ಮಾಡಿದವು ಉಗುಳು ಸೇರಿದೊಡನೆ ಮತ್ತೆ ತೆಳುವಾಗುತ್ತವೆ, ಕ್ಸಾಂಥನ್ ಗಮ್‌ನವು ಹಾಗಾಗುವುದಿಲ್ಲ. ಗಟ್ಟಿ ನೀರು ರುಚಿಸದೆ ರೋಗಿ ಕುಡಿಯುವುದನ್ನೇ ಕಡಿಮೆ ಮಾಡಿ ನಿರ್ಜಲತೆಗೆ ಬೀಳಬಹುದಾದ್ದರಿಂದ ಚಿಕಿತ್ಸಕರು ಹೇಳದೆ ಇದನ್ನು ಶುರುಮಾಡಬೇಡಿ.

ಸಿಕ್ಕಿದ್ದನ್ನು ತಳ್ಳಲು ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ಇಡಿಯಾಗಿ ನುಂಗಿಸುವ ಮನೆಮದ್ದು ಇಲ್ಲಿ ಸಲ್ಲದು. ನಿಂತ ತುತ್ತಿನ ಮೇಲೆ ಇನ್ನೊಂದು ತುತ್ತು ಕೂರುತ್ತದೆ.

## ಕೂರುವುದು, ಕುಡಿಯುವುದು

ನೆಟ್ಟಗೆ ಕೂತು ಉಣ್ಣಬೇಕು, ಒರಗಿಕೊಂಡು ಅಲ್ಲ. ಚಿಕ್ಕ ಚಮಚ, ಒಮ್ಮೆಗೆ 5 ಮಿ.ಲೀ. ಸುಮಾರು. ಪ್ರತಿ ತುತ್ತಿಗೂ ಎರಡು ಬಾರಿ ನುಂಗಿ, ಬಾಯಿ ಖಾಲಿಯಾದ ಮೇಲಷ್ಟೇ ಮುಂದಿನದು. ನೀರು ಸಲೀಸಾಗಿದ್ದರೆ ಎರಡು ತುತ್ತಿಗೊಂದು ಗುಟುಕು. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣವು. ಉಂಡ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು.

ಲೋಟಕ್ಕೆ ತುಟಿ ತಾಗಿಸದೆ, ತಲೆ ಹಿಂದಕ್ಕೆ ಮಾಡಿ, ನೀರನ್ನು ಎತ್ತಿ ಸುರಿದುಕೊಳ್ಳುವುದು ನಮ್ಮಲ್ಲಿ ಅನೇಕರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಈ ಆಪರೇಷನ್ ಆದವರು ಅದನ್ನು ಪೂರ್ತಿ ಬಿಡಬೇಕು. ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ಬಾಯಿ ಹೆಚ್ಚು ತೆರೆದುಕೊಳ್ಳುತ್ತದೆ, ನೀರು ತಡೆಯಿಲ್ಲದೆ ಹರಿಯುತ್ತದೆ, ಬೆಸೆಯಬೇಕಾದ ಮೂಳೆಯ ಮೇಲೂ ಒತ್ತಡ ಬೀಳುತ್ತದೆ. ಅಗಲ ಬಾಯಿಯ ಲೋಟವನ್ನು ತುಟಿಗಿಟ್ಟು, ಮುಖ ನೇರವಾಗಿಟ್ಟು ಕುಡಿಯಬೇಕು. ಮಾತ್ರೆ ನುಂಗುವಾಗಲೂ ಅಷ್ಟೇ.

ಗಟ್ಟಿ ಕೊರಳಪಟ್ಟಿ ಗದ್ದವನ್ನು ಮೇಲಕ್ಕೆತ್ತಿ ಹಿಡಿದರೆ ನುಂಗುವುದು ತಾನಾಗಿ ಕಷ್ಟವಾಗುತ್ತದೆ. ಊಟಕ್ಕೆ ಅದನ್ನು ಬಿಚ್ಚಬಹುದೇ, ಸಡಿಲಿಸಬಹುದೇ ಎಂದು ಶಸ್ತ್ರಚಿಕಿತ್ಸಕರನ್ನೇ ಕೇಳಿ. ಅವರ ಅನುಮತಿಯಿಲ್ಲದೆ ಬಿಚ್ಚುವಂತಿಲ್ಲ.

ನೋವಿಗೆ ಕೊಡುವ ಟ್ರಮಡಾಲ್, ಪ್ರಿಗ್ಯಾಬಲಿನ್‌ಗಳಿಂದ ಮಂಪರು ಬರುತ್ತದೆ. ಮಂಪರಿನಲ್ಲಿರುವವರಿಗೆ ಎಬ್ಬಿಸಿ ಎಬ್ಬಿಸಿ ತಿನ್ನಿಸಬಾರದು. ದಿನಕ್ಕೆರಡು ಬಾರಿ ಹಲ್ಲು, ನಾಲಿಗೆ ಚೊಕ್ಕ ಮಾಡುವುದೂ ಚಿಕಿತ್ಸೆಯ ಭಾಗವೇ, ಏಕೆಂದರೆ ಉಗುಳು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಅದರೊಂದಿಗೆ ಇಳಿಯುವುದು ಬಾಯಿಯ ರೋಗಾಣುಗಳು.

## ಮಾತ್ರೆ ಮತ್ತು ವ್ಯಾಯಾಮ

ದೊಡ್ಡ ಮಾತ್ರೆ ಅನ್ನನಾಳದಲ್ಲೇ ನಿಂತು ಕರಗಿದರೆ ಹುಣ್ಣಾಗುತ್ತದೆ. ಡಾಕ್ಸಿಸೈಕ್ಲಿನ್, ಕಬ್ಬಿಣದ ಮಾತ್ರೆ, ಪೊಟ್ಯಾಸಿಯಂ, ಉರಿಯೂತ ಇಳಿಸುವ ನೋವಿನ ಮಾತ್ರೆ ಇದಕ್ಕೆ ಹೆಸರುವಾಸಿ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ತೆಗೆದುಕೊಳ್ಳುವವರು ನುಂಗುವ ತೊಂದರೆ ಇರುವಾಗ ಅದನ್ನು ಮುಂದುವರಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ. ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದು ಬರೆದವು ದಿನವಿಡೀ ನಿಧಾನವಾಗಿ ಕರಗಲು ಮಾಡಿದವು, ಪುಡಿ ಮಾಡಿದರೆ ಪೂರ್ತಿ ಪ್ರಮಾಣ ಒಮ್ಮೆಗೇ ರಕ್ತ ಸೇರುತ್ತದೆ. ಸಿರಪ್ ರೂಪ ಇದೆಯೇ ಎಂದು ಔಷಧ ಅಂಗಡಿಯಲ್ಲಿ ಕೇಳಿ.

ನುಂಗುವ ಸ್ನಾಯು ಬಲಗೊಳ್ಳಲೆಂದು ಮಲಗಿಕೊಂಡು ತಲೆ ಎತ್ತಿ ಹಿಡಿಯುವ ವ್ಯಾಯಾಮ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತದೆ. ಪಾರ್ಶ್ವವಾಯು ಆದವರಿಗೆ ಉಪಯುಕ್ತವಾದ ಅದು ಹೊಸದಾಗಿ ಕುತ್ತಿಗೆಯ ಮೂಳೆ ಬೆಸೆಸಿಕೊಂಡವರಿಗೆ ಅಪಾಯ. ಗದ್ದ ಎದೆಗಿಟ್ಟು ನುಂಗುವ ಉಪಾಯವೂ ಎಲ್ಲರಿಗಲ್ಲ. ಕುತ್ತಿಗೆ ಅಲುಗಿಸದೆ ಬಲ ಹಾಕಿ ನುಂಗುವಂಥ ಅಭ್ಯಾಸಗಳಿವೆ, ಯಾವುದು ಯಾರಿಗೆ ಎಂಬುದನ್ನು ಪರೀಕ್ಷೆ ಮಾಡಿದ ಚಿಕಿತ್ಸಕರೇ ಹೇಳಬೇಕು. ಗಂಟಲಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಕ್ಷೌರದಂಗಡಿಯಲ್ಲಿ ಕುತ್ತಿಗೆಯ ಲಟಿಕೆ ತೆಗೆಸುವುದು ಬೇಡವೇ ಬೇಡ.

## ಆಪರೇಷನ್ನಿಗೆ ಮೊದಲೇ ಕೇಳಬಹುದಾದ್ದು

ಈಗಾಗಲೇ ಅಪರೂಪಕ್ಕಾದರೂ ತುತ್ತು ಸಿಕ್ಕುತ್ತಿದ್ದರೆ, ಹುಳಿತೇಗು ಇದ್ದರೆ, ಹಿಂದೆ ಥೈರಾಯ್ಡ್ ಆಪರೇಷನ್ ಅಥವಾ ಕುತ್ತಿಗೆಗೆ ರೇಡಿಯೇಶನ್ ಆಗಿದ್ದರೆ ಮೊದಲೇ ಹೇಳಬೇಕು. ಕುತ್ತಿಗೆಯ ಮುಂಭಾಗದಲ್ಲಿ ಮೊದಲು ಆಪರೇಷನ್ ಆದವರಿಗೆ ಈ ಬಾರಿ ಇನ್ನೊಂದು ಪಕ್ಕದಿಂದ ಹೋಗುವುದಾದರೆ ಎರಡೂ ಧ್ವನಿತಂತುಗಳನ್ನು ಕ್ಯಾಮೆರಾದಲ್ಲಿ ನೋಡಿಸಿಕೊಳ್ಳಲೇಬೇಕು. ದನಿ ಸರಿಯಿದ್ದರೂ ಒಂದು ತಂತು ಹಿಂದೆಯೇ ನಿಂತಿರಬಹುದು. ಇನ್ನೊಂದಕ್ಕೂ ಪೆಟ್ಟಾದರೆ ಉಸಿರಿನ ದಾರಿಯೇ ಮುಚ್ಚುತ್ತದೆ.

ಎಷ್ಟು ಡಿಸ್ಕ್, ಪ್ಲೇಟ್ ಬೇಕೇ, ಊತ ಇಳಿಸಲು ಸ್ಟೀರಾಯ್ಡ್ ಕೊಡುವಿರಾ ಎಂದು ಕೇಳಬಹುದು. ಸ್ಟೀರಾಯ್ಡ್ ಗಂಟಲಿಗೆ ಆರಾಮ ಕೊಡುತ್ತದೆ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಸಕ್ಕರೆ ಏರಿಸುತ್ತದೆ, ಮೂಳೆ ಬೆಸೆಯುವುದರ ಮೇಲಿನ ಪರಿಣಾಮವನ್ನೂ ವೈದ್ಯರು ತೂಗಿ ನೋಡಬೇಕಾಗುತ್ತದೆ. ಬೀಡಿ, ಸಿಗರೇಟು ಬಿಡುವುದು ಗಂಟಲಿಗೂ ಮೂಳೆ ಬೆಸೆಯುವುದಕ್ಕೂ ಬೇಕು.

## ತಿಂಗಳುಗಳು ಕಳೆದರೂ ಇಳಿಯದಿದ್ದರೆ

ಆರು ವಾರ ದಾಟಿಯೂ ಊಟ ಬದಲಿಸಿಕೊಂಡೇ ಇರಬೇಕಾದರೆ, ದನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನೂ ನುಂಗುವ ಚಿಕಿತ್ಸಕರನ್ನೂ ಕಾಣುವ ಸಮಯ. ನಿಂತ ಧ್ವನಿತಂತುವಿನ ಪಕ್ಕಕ್ಕೆ ಚುಚ್ಚುಮದ್ದಿನಿಂದ ದ್ರವ್ಯ ತುಂಬಿ ಅದನ್ನು ನಡುವಿಗೆ ತಂದರೆ ದನಿಯೂ ನುಂಗುವಿಕೆಯೂ ಸುಧಾರಿಸುತ್ತವೆ. ಪ್ಲೇಟೇ ಕಾರಣವೆಂದು ಪರೀಕ್ಷೆಯಲ್ಲಿ ಖಚಿತವಾದರೆ, ಮೂಳೆ ಪೂರ್ತಿ ಬೆಸೆದ ಮೇಲೆ ಅದನ್ನು ತೆಗೆಯಬಹುದು. ಬೆಸೆಯಲು ಮೂರು ತಿಂಗಳಿಂದ ಒಂದು ವರ್ಷದವರೆಗೂ ಬೇಕಾಗುತ್ತದೆ.

ಯಾವ ಮಣಿಗಳ ನಡುವೆ ಆಪರೇಷನ್ ಆಯಿತು, ಯಾವ ಪಕ್ಕದಿಂದ, ಪ್ಲೇಟ್ ಯಾವುದು ಎಂಬ ವಿವರ ಇರುವ ಬಿಡುಗಡೆ ಪತ್ರವನ್ನು ಜೋಪಾನವಾಗಿಡಿ. ಮುಂದೆ ಯಾವ ಕಾರಣಕ್ಕೆ ಎಂಡೋಸ್ಕೋಪಿ ಮಾಡಿಸಿದರೂ, ಬೇರೆ ಯಾವ ಆಪರೇಷನ್ನಿಗೆ ಅರಿವಳಿಕೆ ಪಡೆದರೂ, ಕೊಳವೆ ಇಳಿಸುವ ವೈದ್ಯರಿಗೆ ಅದನ್ನು ಮೊದಲೇ ತೋರಿಸಬೇಕು. ಬೆಸೆದ ಕುತ್ತಿಗೆ ಹಿಂದಕ್ಕೆ ಅಷ್ಟಾಗಿ ಬಾಗುವುದಿಲ್ಲ, ಅವರು ಅದಕ್ಕೆ ತಕ್ಕ ಸಲಕರಣೆ ಸಿದ್ಧವಾಗಿಟ್ಟುಕೊಳ್ಳಬೇಕಾಗುತ್ತದೆ.